ಯಂತ್ರಕ್ಕೆ ತಿಳಿಸದ ಆಷಾಢ

"ಇವತ್ತು ತಾರೀಖು ಎಷ್ಟು?"

ಕಾಂಚನಾ ಕೇಳಿದ್ದು ಯಾರನ್ನೂ ಅಲ್ಲ. ಕೇಳೋಣವೆಂದರೂ ಆ ಗಾಜಿನ ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ಇದ್ದದ್ದು ಗುಂಯ್‌ಗುಡುವ ಎಸಿ, ಹೊಸದಾಗಿ ಬಂದು ಕೂತ ಸರ್ವರ್, ಅದರ ಹಣೆಗೆ ಹಚ್ಚಿದ ಕುಂಕುಮ, ಕುಂಕುಮಕ್ಕೆ ಅಂಟಿಕೊಂಡು ಒಣಗಿದ ಅಕ್ಷತೆ. ಗೋಡೆಯ ಕ್ಯಾಲೆಂಡರಿನ ಪ್ರಕಾರ ೨೦೦೯ನೆಯ ಇಸವಿಯ ಜುಲೈ ಹದಿನಾಲ್ಕು, ಮಂಗಳವಾರ. ಯಂತ್ರದ ಪ್ರಕಾರ ಏಪ್ರಿಲ್ ಇಪ್ಪತ್ತೇಳು. ಅದನ್ನೂ ಅದು ಹೊಟ್ಟೆ ತುಂಬ ಉಂಡವರ ನೆಮ್ಮದಿಯಲ್ಲಿ ಹೇಳುತ್ತಿತ್ತು.

ಕಲ್ಯಾಣ ಸ್ಟೇಷನ್ನಿಗೆ ಕೂಗಳತೆಯಲ್ಲಿದ್ದ ಆ ಪತಪೇಢಿ, ಅಂದರೆ ಠೇವಣಿ ಇಟ್ಟುಕೊಂಡು ಸಾಲ ಕೊಡುವ ಸಣ್ಣ ಸಹಕಾರಿ ಸಂಘ, ವಿಜಾಪುರದ ಕಡೆಯಿಂದ ಬಂದು ನೆಲೆನಿಂತವರು ಕಟ್ಟಿಕೊಂಡದ್ದು. ಅದರ ಲೆಕ್ಕಪತ್ರದ ಪ್ರೋಗ್ರಾಮನ್ನು ಬರೆದುಕೊಟ್ಟದ್ದು ಠಾಣೆಯ ವಾಗಳೆ ಎಸ್ಟೇಟಿನ ಒಂದು ಪುಟ್ಟ ಕಂಪನಿ. ಪ್ರೋಗ್ರಾಮಿನ ಭಾಷೆ ಒಂದು, ಡೇಟಾಬೇಸಿನ ಭಾಷೆ ಇನ್ನೊಂದು. ಒಂದೇ ಚಾಳಿನ ಸಾಲುಮನೆಗಳಲ್ಲಿದ್ದೂ ಮಾತು ಬಿಟ್ಟ ಎರಡು ಮನೆಗಳ ಹಾಗೆ. ನಡುವೆ ನಿಂತು ಇವರದನ್ನು ಅವರಿಗೆ, ಅವರದನ್ನು ಇವರಿಗೆ ತಿಳಿಯಹೇಳುವ ಒಂದು ಘಟಕವನ್ನು ಸರ್ವರಿಗೆ ಹಾಕಬೇಕಿತ್ತು. ಆ ಕೆಲಸಕ್ಕೇ ಕಾಂಚನಾ ಬಂದದ್ದು.

ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕಂಪನಿ ಸೇರಿದಂದಿನಿಂದ ಅವಳದು ಹೆಡ್‌ಫೋನಿನ ಕೆಲಸ. "ಸರ್, ಏಕ್ ಬಾರ್ ಬಂದ್ ಕರ್‌ಕೆ ಚಾಲೂ ಕೀಜಿಯೇ" ಎಂದು, ಒಮ್ಮೆ ಆರಿಸಿ ಮತ್ತೆ ಶುರುಮಾಡಿ ಎಂದು, ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಒಬ್ಬಳೇ ಹೊರಗೆ ಬಂದು ಮಾಡುವ ಕೆಲಸ ಇದೇ ಮೊದಲು. ಹೊರಡುವಾಗ ಅವಳ ಮೇಲಧಿಕಾರಿ ಗುಣಪಾಲ ಸರ್, ಕಾರ್ಕಳದ ಕಡೆಯವರು, ಮಾತು ಮುಚ್ಚಿಡದೆ ಹೇಳಿದ್ದರು: "ನೋಡು ಮಾರಾಯ್ತಿ, ಇವತ್ತು ಸಂಜೆಯೊಳಗೆ ಚೇರ್ಮನ್ನರ ಸಹಿ ಹಾಕಿಸಿಕೊಂಡು ಬಂದ್ರೆ ನಿನ್ನ ಕೆಲಸ ಪಕ್ಕಾ. ವಾಶಿಯ ದೊಡ್ಡ ಸೈಟಿಗೂ ನೀನೇ. ಇಲ್ಲದಿದ್ರೆ ನಾಳೆ ನಾನು ಬೇರೆಯವರನ್ನು ಕಳಿಸ್ಬೇಕು. ನೀನು ವಾಪಸ್ ಫೋನಿಗೆ."

ಹಾಗಾಗಿ ಅವಳು ಬಂದವಳೇ, ಘಟಕದ ಜೊತೆ ಬಂದ ಸೂಚನೆಗಳಂತೆ, ಹಾಕುವ ಮೊದಲು ನೋಡಿಕೊಳ್ಳಬೇಕಾದ್ದನ್ನೆಲ್ಲ ಒಂದೊಂದಾಗಿ ನೋಡಿದಳು. ಮನೆಯಲ್ಲಿ ಶ್ರಾವಣದ ಪುರಾಣಕ್ಕೆ ಕೂರುವ ಮುಂಚೆ ಅಜ್ಜ ವ್ಯಾಸಪೀಠ ಗಟ್ಟಿಯಿದೆಯೇ, ಬತ್ತಿ ನೆನೆದಿದೆಯೇ, ಕೇಳುವವರು ಕಾಲು ತೊಳೆದು ಬಂದರೇ ಎಂದು ನೋಡುತ್ತಿದ್ದುದು ಅವಳಿಗೆ ರೂಢಿ. ಇಲ್ಲಿ ವ್ಯಾಸಪೀಠದ ಬದಲು ಆಪರೇಟಿಂಗ್ ಸಿಸ್ಟಮ್ಮು. ಅದರ ಆವೃತ್ತಿ ಸರಿ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಸರಿ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟು. ಮೆಮೊರಿ ಸರಿ. ಯಾವ ಫೋಲ್ಡರಿನಲ್ಲಿ ಏನು ಸಿಗುತ್ತದೆಂದು ಯಂತ್ರಕ್ಕೆ ತಿಳಿಸುವ ದಾರಿಗಳೂ ಸರಿ. ಎಲ್ಲದರ ಮುಂದೆಯೂ ಹಸಿರು ಗುರುತು ಬಿತ್ತು. ಕಾಂಚನಾ ಮನಸ್ಸಿನಲ್ಲೇ ಗಣಪತಿಗೆ ಕೈಮುಗಿದು ಗುಂಡಿ ಒತ್ತಿದಳು.

ಮುಕ್ಕಾಲು ಭಾಗ ಸರಾಗವಾಗಿ ನಡೆಯಿತು. ಬಿಡಿಬಿಡಿ ಕಡತಗಳನ್ನು ಬೆಸೆಯುವ ಕೊನೆಯ ಹಂತಕ್ಕೆ ಬಂದು ನಿಂತಿತು. ಈ ಕಡತಗಳು ಭವಿಷ್ಯದಲ್ಲಿ ಹುಟ್ಟಿದವು, ಬೆಸುಗೆ ಅರೆಬರೆ ಆದೀತು ಎಂದು ಯಂತ್ರ ತಕರಾರು ತೆಗೆಯಿತು. ಕೆಳಗೆ ಮೂರು ಗುಂಡಿ: ಮತ್ತೆ ಪ್ರಯತ್ನಿಸು, ಲೆಕ್ಕಿಸದೆ ಮುಂದುವರಿ, ಬಿಟ್ಟುಬಿಡು.

ಜೂನ್ ತಿಂಗಳಲ್ಲಿ ತಯಾರಾದ ಕಡತಗಳು ಏಪ್ರಿಲ್ಲಿನಲ್ಲಿ ಕೂತ ಯಂತ್ರಕ್ಕೆ ಭವಿಷ್ಯವಲ್ಲದೆ ಇನ್ನೇನು? ಅಷ್ಟೆಲ್ಲ ವಿಚಾರಿಸುವ ಸೂಚನೆಗಳು ಇವತ್ತು ಯಾವ ದಿನವೆಂದು ಮಾತ್ರ ಕೇಳಿರಲಿಲ್ಲ. ಹಾಗೆ ಕೇಳಬೇಕಾದೀತೆಂದು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

"ಇಷ್ಟೇನಾ," ಎಂದುಕೊಂಡು ಅವಳು ತಾರೀಖು ಸರಿಮಾಡಿ, ಮತ್ತೆ ಹಾಕುವ ಮೊದಲು ಕೆಳಗಿಳಿದು ಒಂದು ವಡಾಪಾವ್ ತಿಂದು, ಚಹಾ ಕುಡಿದು ಬಂದು ನೋಡಿದರೆ ಮತ್ತೆ ಏಪ್ರಿಲ್ ಇಪ್ಪತ್ತೇಳು!

ಯಂತ್ರದೊಳಗಿನ ಗಡಿಯಾರಕ್ಕೆ ಜೀವ ಕೊಡುವುದು ಬಿಲ್ಲೆಯಂಥ ಒಂದು ಸೆಲ್ಲು. ಅದು ಸತ್ತಿರಬೇಕು. ಕಾಂಚನಾ ಮಳೆಯಲ್ಲೇ ಕೊಡೆ ಬಿಚ್ಚಿ ಓಡಿ, ಶಿವಾಜಿ ಚೌಕದ ಬಳಿಯ ಅಂಗಡಿಯಿಂದ ಹೊಸ ಸೆಲ್ಲು ತಂದು, ಸರ್ವರ್ ಆರಿಸಿ, ಮುಚ್ಚಳ ತೆಗೆದು, ಬದಲಿಸಿ, ಮತ್ತೆ ಶುರುಮಾಡಿ, ಜುಲೈ ಹದಿನಾಲ್ಕನ್ನು ಕೂರಿಸಿದಳು. ಐದು ನಿಮಿಷ ಕಣ್ಣು ಮಿಟುಕಿಸದೆ ನೋಡಿದಳು. ಜುಲೈ ಅಲುಗಲಿಲ್ಲ. ಆಗ, ತಾರೀಖಿನ ಗೊಂದಲದಿಂದ ಮತ್ತೆ ಮೊದಲಿಂದ ಹಾಕಬೇಕು, ತಡವಾದೀತು ಎಂದು ಗುಣಪಾಲರಿಗೆ ಫೋನು ಮಾಡಲು ವರಾಂಡಕ್ಕೆ ಹೋದಳು. ಕೋಣೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ.

"ಎಂಥ ತಾರೀಖು ಮಾರಾಯ್ತಿ?" ಎಂದರು ಗುಣಪಾಲರು. "ಲೆಕ್ಕಿಸದೆ ಮುಂದುವರಿ ಅಂತ ಗುಂಡಿ ಕೊಟ್ಟಿದ್ದು ಒತ್ಲಿಕ್ಕೇ ಅಲ್ವಾ? ಒತ್ತಿಬಿಡು. ಸಹಿ ತಗೋ. ಆಮೇಲೆ ಎಂಥದಾದ್ರೂ ಆದ್ರೆ ಫೋನಲ್ಲಿ ನೋಡುವ."

"ನೋಡ್ತೀನಿ ಸರ್," ಎಂದು ಅವಳು ಒಳಬಂದಳು.

ಕೋಣೆಯಲ್ಲಿ ಊದುಬತ್ತಿಯ ಹೊಗೆ ಸುಳಿಯುತ್ತಿತ್ತು. ಸರ್ವರಿನ ಮುಂದೆ ಪತಪೇಢಿಯ ಶಿಪಾಯಿ ಸೈದಪ್ಪ ನಿಂತಿದ್ದ. ಐವತ್ತು ದಾಟಿದ ಆಳು, ಹಣೆಯಲ್ಲಿ ಗಂಧ, ಎಡಗೈಯಲ್ಲಿ ಊದುಬತ್ತಿ. ಬಲಗೈಯ ತೋರುಬೆರಳಿನಿಂದ ಕೀಲಿಮಣೆಯ ಮೇಲೆ ಒಂದೊಂದೇ ಅಕ್ಷರ ಹುಡುಕಿ, ಮಂತ್ರ ಹೇಳುವವರಂತೆ ತುಟಿ ಅಲುಗಿಸುತ್ತ ಕುಟ್ಟುತ್ತಿದ್ದ.

"ಸೈದಪ್ಪಣ್ಣಾ! ಏನ್ ಮಾಡ್ಲಿಕ್ಕತ್ತೀರಿ?"

ಸೈದಪ್ಪ ಬೆಚ್ಚಲಿಲ್ಲ. ಎಂಟರ್ ಒತ್ತಿ, ಊದುಬತ್ತಿಯನ್ನು ಸಾವಕಾಶ ಸಿಗಿಸಿ, ಆಮೇಲೆ ತಿರುಗಿದ.

"ತಾರೀಖ ಹಚ್ಚಾಕತ್ತಿದ್ದೆ ಬಾಯಾರ. ಮುಂಜಾನಿಂದ ಎರಡ ಸಲ ಜಾರೇತಿ. ಏನಾಗೇತೋ ಏನೋ ಇದಕ್ಕ ಇವತ್ತ."

"ಜಾರಿಲ್ಲ! ನಾ ಸರಿ ಮಾಡೀನಿ!"

"ಹೌದಾ? ನೀವ ಕೆಡಿಸಿದ್ರೇನು?" ಸೈದಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ, ನಿರಾಳವಿತ್ತು. "ನಾ ಮಷೀನ ಕೆಟ್ಟೇತಿ ಅಂದ್ಕೊಂಡಿದ್ದೆ. ದಿನಾ ಬೆಳಿಗ್ಗೆ ಪೂಜಿ ಮಾಡಿ ತಾರೀಖ ಹಿಂದಕ್ಕ ತರೂದು. ನಡುನಡುವ ಬಂದು ನೋಡಿ ಹೋಗೂದು, ನಂದಾದೀಪಕ್ಕ ಎಣ್ಣಿ ನೋಡಿಧಾಂಗ. ಸಾಹೇಬ್ರ ಹುಕುಂ ಐತಿ."

"ಯಾಕ?"

"ಅದನ್ನ ಸಾಹೇಬ್ರನ್ನ ಕೇಳ್ರಿ. ನಾ ಬರೇ ಅರ್ಚಕ."

ಸಾಹೇಬರೆಂದರೆ ಚೇರ್ಮನ್ ರಾಯಪ್ಪ. ವಾಶಿಯ ಮಾರುಕಟ್ಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ ಮಾಡಿ, ಅಂಗಡಿಯನ್ನು ಮಕ್ಕಳಿಗೆ ಬಿಟ್ಟು, ಈಗ ಪತಪೇಢಿಯನ್ನು ಇನ್ನೊಂದು ಮಗುವಿನಂತೆ ಸಾಕುತ್ತಿದ್ದವರು. ಬಿಳಿ ಟೋಪಿ, ಬಿಳಿ ಮೀಸೆ, ಬಿಳಿ ಅಂಗಿ, ಎಲೆಯಡಿಕೆಗೆ ಕೆಂಪಾದ ಬಾಯಿ. ಕಾಂಚನಾ ಅವರ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಾಗ ಅವರು ಕಣ್ಣು ಮುಚ್ಚಿ ಟೇಪ್‌ರೆಕಾರ್ಡರಿನಲ್ಲಿ ಭಜನೆ ಕೇಳುತ್ತಿದ್ದರು. ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು.

"ಬಾ ತಂಗಿ. ಮುಗೀತೇನು?"

"ಇಲ್ರೀ ಕಾಕಾ. ನಿಮ್ಮ ಮಷೀನಿಗೆ ಇವತ್ತ ಯಾವ ದಿನ ಅನ್ನೂದ ಗೊತ್ತಿಲ್ಲ."

ರಾಯಪ್ಪ ಭಜನೆ ನಿಲ್ಲಿಸಿ ನಕ್ಕರು. "ಗೊತ್ತಾಗಬಾರದು ಅಂತ್ಲೇ ನಾ ಇಷ್ಟೆಲ್ಲ ಮಾಡೀನಿ."

"ಅಂದ್ರ?"

"ಕುಂದ್ರ, ಹೇಳ್ತೀನಿ. ಈ ಮಷೀನಿಗೆ ನಾ ಅಕ್ಷಯ ತೃತೀಯಾದ ಮುಹೂರ್ತ ಹಿಡಿಸಿದ್ದೆ. ಏಪ್ರಿಲ್ ಇಪ್ಪತ್ತೇಳು. ಮಾಲು ಕೊಡೋವ ಏನಂದ? ಇವತ್ತ ಬರ್ತೈತಿ ಕಾಕಾ, ನಾಳೆ ಬರ್ತೈತಿ ಕಾಕಾ. ಬಂದಿದ್ದು ಯಾವಾಗ? ಆಷಾಢ ಹೊಕ್ಕ ಮ್ಯಾಲ! ಆಷಾಢದಾಗ ಹೊಸ ಕೆಲಸ ಶುರು ಮಾಡ್ತಾರೇನು? ಮದಿವಿ ಮಾಡ್ತಾರೇನು? ಮನಿ ಹೊಗತಾರೇನು? ಆಮ್ಯಾಲ ನಾ ವಿಚಾರ ಮಾಡಿದೆ. ಆಷಾಢ ನಮಗ ಗೊತ್ತೈತಿ, ಮಷೀನಿಗೆ ಯಾರು ಹೇಳ್ಯಾರ? ಮಷೀನ ಕೂಡಿಸಾಕ ಬಂದ ಹುಡುಗಗ ಹೇಳಿ, ಮೊದಲನೇ ಸಲ ಕಣ್ಣ ಬಿಟ್ಟಾಗ ಅದಕ್ಕ ಅಕ್ಷಯ ತೃತೀಯಾನ ಕಾಣಂಗ ಮಾಡಿಸಿದೆ. ಶ್ರಾವಣ ಬರೂತನಕ ಅಲ್ಲೇ ಇರಲಿ ಅಂತ ಸೈದಪ್ಪಗ ಹಚ್ಚೀನಿ."

ಕಾಂಚನಾಗೆ ನಗು ಬಂತು. ಬಂದ ನಗುವನ್ನು ದುಪಟ್ಟಾದ ತುದಿಯಲ್ಲಿ ಒರೆಸಿಕೊಂಡಳು. ಮನೆಯಲ್ಲಿ ಬೆಕ್ಕಿನ ಕಣ್ಣಿಗೆ ಬಟ್ಟೆ ಕಟ್ಟಿ ಹಾಲು ಕಾಸುವವರನ್ನು ಅವಳು ಇನ್ನೂ ಕಂಡಿರಲಿಲ್ಲ.

"ಕಾಕಾ, ಪಂಢರಪುರಕ್ಕ ಮಂದಿ ವಾರಿ ನಡ್ಕೊಂಡ ಹೋಗೂದು ಆಷಾಢದಾಗ ಅಲ್ಲೇನ್ರಿ? ವಿಠ್ಠಲಗ ನಡೀತೈತಿ, ನಮ್ಮ ಸರ್ವರಿಗೆ ನಡ್ಯಾಂಗಿಲ್ಲೇನು?"

"ದರ್ಶನ ಬ್ಯಾರೆ, ಪ್ರಾರಂಭ ಬ್ಯಾರೆ. ವಿಠ್ಠಲ ಆಷಾಢದಾಗ ಇಟ್ಟಂಗಿ ಮ್ಯಾಲ ಹೊಸದಾಗಿ ನಿಂತಾನೇನು? ಮೊದಲಿಂದ ನಿಂತಾನ. ಬುದ್ಧಿವಂತಿ ಇದ್ದೀ, ಆದ್ರ ನನ್ನ ಮುಂದ ನಡ್ಯಾಂಗಿಲ್ಲ."

ಆಮೇಲೆ ಅವರ ದನಿ ತಗ್ಗಿತು. "ನಗಬ್ಯಾಡ ತಂಗಿ. ನಾಕ ವರ್ಷದ ಹಿಂದ ನಮ್ಮ ಮೊದಲನೇ ಕಂಪ್ಯೂಟರ್ ತಂದ್ವಿ. ಎಲ್ಲಾರೂ ಆಷಾಢ ಗೀಷಾಢ ಬಿಡ್ರಿ ಕಾಕಾ ಅಂದ್ರು. ಬಿಟ್ಟೆ. ಜುಲೈ ಇಪ್ಪತ್ತಾರಕ್ಕ ಮಳಿ ಬಂತು. ಯಾವ ಮಳಿ ಅಂತ ನಿನಗ ಗೊತ್ತಿರಬೇಕು."

ಗೊತ್ತಿತ್ತು. ೨೦೦೫ರ ಆ ಮಳೆಯಲ್ಲಿ ಉಲ್ಹಾಸ ನದಿ ಊರೊಳಗೆ ಬಂದು ಕೂತಿತ್ತು. ಕಾಂಚನಾಳ ಮನೆಯವರೂ ಮಹಡಿಯ ಮೇಲಿನವರ ಮನೆಯಲ್ಲಿ ಅಕ್ಕಿಯ ಡಬ್ಬಿ ಅಪ್ಪಿಕೊಂಡು ಕೂತಿದ್ದರು.

"ಅವಾಗ ನಾವು ಕೆಳಗಿನ ಮಜಲಿನಾಗ ಇದ್ವಿ. ಎದಿಮಟ ನೀರು. ಮಷೀನ ಮುಳುಗಿದ್ದು ಮುಳುಗಲಿ, ಅದರಾಗ ಹಾಕಿದ್ದ ಮಂದಿ ಲೆಕ್ಕ? ಮೂರು ತಿಂಗಳ ನಾವು ಮನಿಮನಿಗೆ ಹೋಗಿ, ಅವ್ವಾ ನಿನ್ನ ಪಾಸ್‌ಬುಕ್ ತೋರಸ, ಅಣ್ಣಾ ನಿನ್ನ ಪಾವತಿ ತೋರಸ ಅಂತ ಕೈ ಒಡ್ಡಿ ಲೆಕ್ಕ ಕೂಡಿಸಿದ್ವಿ. ಒಬ್ಬರೂ ಸುಳ್ಳ ಹೇಳಲಿಲ್ಲ, ಅದೊಂದು ದೇವರ ಪುಣ್ಯ. ಇನ್ನೊಂದ ಸಲ ಆ ಪರೀಕ್ಷಾ ಬ್ಯಾಡವಾ ನನಗ."

ಇದು ಹುಚ್ಚಲ್ಲ, ಹೆದರಿಕೆ ಎಂದು ಕಾಂಚನಾಗೆ ಹೊಳೆಯಿತು. ಹೆದರಿಕೆಗೆ ಕಂಪೈಲರಿನ ಪಾಠ ಹೇಳಿ ಏನು ಪ್ರಯೋಜನ? ಆದರೂ ಹೇಳಿ ನೋಡಿದಳು. ಕಡತಗಳು ಹೊಸವು, ಗಡಿಯಾರ ಹಳೆಯದು, ಬೆಸುಗೆ ಕೂಡುವುದಿಲ್ಲ ಎಂದಳು. ನಾಳೆಯಿಂದ ಜನ ಕಟ್ಟುವ ಠೇವಣಿಯೆಲ್ಲ ಒಂದೇ ದಿನ ಕಟ್ಟಿದಂತಾಗಿ ಬಡ್ಡಿಯ ಲೆಕ್ಕ ಬುಡಮೇಲಾಗುತ್ತದೆ ಎಂದಳು.

"ಶ್ರಾವಣದಾಗ ಎಲ್ಲಾ ಒಮ್ಮೆಲೇ ಸರಿ ಮಾಡೋಣು," ಎಂದರು ರಾಯಪ್ಪ. "ಮುಂದುವರಿ ಅನ್ನೋ ಗುಂಡಿ ಐತಂತಲ್ಲ? ನಿಮ್ಮ ಸರ್ ಈಗ ನನಗ ಫೋನ್ ಮಾಡಿದ್ರು. ಅದನ್ನ ಒತ್ತು. ಇಕಾ, ನಾ ಸಹಿ ಮಾಡಾಕ ಪೆನ್ ತಗದ ಇಟ್ಟೀನಿ."

ಗುಣಪಾಲರು ಅವಳ ತಲೆಯ ಮೇಲಿಂದಲೇ ಫೋನು ದಾಟಿಸಿದ್ದರು! ಕಾಂಚನಾ ಎದ್ದು ಗಾಜಿನ ಕೋಣೆಗೆ ಹೋಗಿ ಕೂತಳು. ಮತ್ತೆ ಓಡಿಸಿದಾಗ ಅದೇ ತಕರಾರು ಎದ್ದು, ಅದೇ ಗುಂಡಿ ಪರದೆಯ ಮೇಲೆ ಮಿನುಗಿತು. ಒತ್ತಿದರೆ ಚೇರ್ಮನ್ನರಿಗೆ ಸಂತೋಷ, ಗುಣಪಾಲರಿಗೆ ಸಂತೋಷ, ಕೆಲಸ ಪಕ್ಕಾ, ವಾಶಿ ಅವಳದು, ಹೆಡ್‌ಫೋನಿಗೆ ಕೊನೆಯ ನಮಸ್ಕಾರ. ಯಾರಿಗೆ ಗೊತ್ತು, ಬೆಸುಗೆ ಕೂಡಿದರೂ ಕೂಡೀತು. ಅವಳು ಮೌಸನ್ನು ಗುಂಡಿಯವರೆಗೆ ಒಯ್ದಳು.

ಎದುರಿಗೆ ಸರ್ವರಿನ ಹಣೆಯ ಅಕ್ಷತೆ ಕಂಡಿತು. ಈ ಯಂತ್ರಕ್ಕೆ ಪೂಜೆ ಆಗಿದೆ. ಪೂಜೆಯೆಂದರೆ ಭಟ್ಟರು. ಭಟ್ಟರೆಂದರೆ ಸಂಕಲ್ಪ. ಅಜ್ಜನ ಪಕ್ಕದಲ್ಲಿ ಕೂತು ಸಾವಿರ ಸಲ ಕೇಳಿದ ಸಂಕಲ್ಪ. ನಾನು ಇಂಥವನು, ಇಂಥ ನದಿಯ ಇಂಥ ದಂಡೆಯಲ್ಲಿ, ಇಂಥ ಸಂವತ್ಸರ, ಇಂಥ ಮಾಸ, ಇಂಥ ತಿಥಿಯಲ್ಲಿ ಕೂತಿದ್ದೇನೆ ಎಂದು ಮೊದಲು ಒಪ್ಪಿಸಬೇಕು. ಆಮೇಲೆಯೇ ಬೇಡುವುದು. ದೇವರು ಕೇಳಿಸಿಕೊಳ್ಳುವ ಮುನ್ನ ನೋಡಿಕೊಳ್ಳಬೇಕಾದ್ದರಲ್ಲಿ ದೇಶವೂ ಉಂಟು, ಕಾಲವೂ ಉಂಟು.

ಅವಳು ಮೌಸ್ ಬಿಟ್ಟು ಮತ್ತೆ ಕ್ಯಾಬಿನ್ನಿಗೆ ಬಂದಳು.

"ಕಾಕಾ, ಮಷೀನಿನ ಪೂಜಿ ಯಾರು ಮಾಡಿದ್ರು?"

"ನಮ್ಮ ಭಟ್ರು. ಯಾಕ?"

"ಸಂಕಲ್ಪದಾಗ ಯಾವ ಮಾಸ ಅಂದ್ರು?"

ರಾಯಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಹಚ್ಚುತ್ತಲೇ ಉಳಿದರು. ಎಲೆ ಪೂರ್ತಿ ಬೆಳ್ಳಗಾಯಿತು.

"ಹೇಳ್ರಿ ಕಾಕಾ."

"ವೈಶಾಖ ಅನ್ರಿ ಅಂತ ನಾ ಎಷ್ಟ ಹೇಳಿದೆ," ಎಂದು ರಾಯಪ್ಪ ಗೊಣಗಿದರು. "ದಕ್ಷಿಣಿ ಜಾಸ್ತಿ ಕೊಡ್ತೀನಿ ಅಂದೆ. ಕೇಳಬೇಕಲ್ಲ ಆ ಮನಶಾ! ವಿರೋಧಿನಾಮ ಸಂವತ್ಸರೇ, ಆಷಾಢ ಮಾಸೇ ಅಂತ ಓಣಿಗೆಲ್ಲ ಕೇಳಂಗ ಅಂದಾ. ನಾ ಕಿವಿ ಮುಚ್ಚಿಕೊಂಡೆ."

"ನೀವು ಮುಚ್ಚಿಕೊಂಡ್ರಿ. ದೇವರು ಮುಚ್ಚಿಕೊಂಡಿದ್ನೇನು?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸೈದಪ್ಪ ಖೊಳ್ಳೆಂದು ನಕ್ಕು, ಸಾಹೇಬರ ಕಣ್ಣು ಕಂಡು ಅದನ್ನು ಕೆಮ್ಮಾಗಿಸಿದ.

"ಅಂದ್ರ ದೇವರ ಮುಂದ ಆಷಾಢ ಅಂತ ಹೇಳಿ ಆಗೇತಿ," ಕಾಂಚನಾ ಬಿಡಲಿಲ್ಲ. "ಅವನಿಗೆ ಗೊತ್ತಾಗಿ, ಹೂಂ ಅಂದು, ತೀರ್ಥ ಪ್ರಸಾದ ಎಲ್ಲಾ ಆಗೇತಿ. ಈಗ ಮಷೀನಿಗೊಂದಕ್ಕ ವೈಶಾಖ ಅಂದ್ರ, ದೇವರಿಗೆ ಒಂದು ಹೇಳಿದ್ರಿ, ಮಷೀನಿಗೆ ಒಂದು ಹೇಳಿದ್ರಿ. ಎರಡರಾಗ ಒಂದು ಸುಳ್ಳಾಗಬೇಕಲ್ರೀ. ಯಾವುದು ಅನ್ನೂದನ್ನ ನೀವ ಹೇಳ್ರಿ."

ಹೊರಗೆ ಕರ್ಜತ್ ಲೋಕಲ್ಲು ಕೂಗಿಕೊಂಡು ಹೋಯಿತು. ರಾಯಪ್ಪ ಸುಣ್ಣ ಹೆಚ್ಚಾದ ಎಲೆಯನ್ನು ಮಡಿಸಿ ಬುಟ್ಟಿಗೆ ಹಾಕಿ, ಇನ್ನೊಂದು ಎಲೆ ತೆಗೆದರು.

"ನಿಮ್ಮ ಮನ್ಯಾಗ ಯಾರರ ಪುರಾಣ ಹೇಳ್ತಿದ್ರೇನು?"

"ಹೌದ್ರಿ, ನಮ್ಮ ಅಜ್ಜ. ಡೊಂಬಿವಲಿಯಾಗ."

"ಅದಕ್ಕ. ಮಾತಿನಾಗ ಸಿಗಸ್ತೀ." ಅವರು ಬಾಗಿಲ ಕಡೆ ಕೈ ಬೀಸಿದರು. "ಲೇ ಸೈದಪ್ಪಾ, ಇನ್ನ ಊದಬತ್ತಿ ಅಷ್ಟ ಹಚ್ಚು. ತಾರೀಖಿಗೆ ಕೈ ಹಚ್ಚಬ್ಯಾಡ."

"ಹಂಗಾದ್ರ ನನ್ನ ಅರ್ಧಾ ಪೂಜಿ ಹೋತಲ್ರೀ ಸಾಹೇಬ್ರ," ಎಂದ ಸೈದಪ್ಪ.

ಕಾಂಚನಾ ಜುಲೈ ಹದಿನಾಲ್ಕನ್ನು ಮೂರನೆಯ ಸಲ ಕೂರಿಸಿದಳು. ಅರೆಬರೆಯಾಗಿದ್ದುದನ್ನೆಲ್ಲ ಅಳಿಸಿ, ನೋಡಿಕೊಳ್ಳಬೇಕಾದ್ದನ್ನು ಮೊದಲಿನಿಂದ ನೋಡಿದಳು. ಆವೃತ್ತಿ, ಕಂಪೈಲರ್, ಜಾಗ, ದಾರಿ. ಈ ಸಲ ಕೊನೆಗೆ ದಿನವನ್ನೂ ಬಾಯಿಬಿಟ್ಟು ಹೇಳಿಕೊಂಡಳು. ಯಂತ್ರ ಒಂದು ಗಳಿಗೆ ಯೋಚಿಸಿತು. ಬೆಸುಗೆಯ ಸಾಲುಗಳು ಪರದೆಯ ಮೇಲೆ ಸರಸರನೆ ಹರಿದವು. ಎಲ್ಲೂ ತಡವರಿಸದೆ, ಒಂದೇ ಉಸಿರಿಗೆ ಹೇಳಿ ಮುಗಿಸಿದ ಪದ್ಯದ ಹಾಗೆ ನಿಂತವು. ಒಂದು ಸುಳ್ಳುಪುಳ್ಳು ಖಾತೆ ತೆರೆದು ಬಡ್ಡಿಯ ಲೆಕ್ಕ ಹಾಕಿಸಿ ನೋಡಿದಳು. ಪ್ರೋಗ್ರಾಮು ಕೇಳಿತು, ಡೇಟಾಬೇಸು ಹೇಳಿತು. ಮಾತು ಬಿಟ್ಟ ಮನೆಗಳು ಮಾತಾಡಿದವು.

ಅವಳು ಓಡಿ ಬಂದು ಹೇಳಿದಾಗ ರಾಯಪ್ಪ ಎದ್ದು ನಿಂತು ಕೈಮುಗಿದರು, ಅವಳಿಗೋ ದೇವರಿಗೋ ತಿಳಿಯಲಿಲ್ಲ. ಸೈದಪ್ಪ ಪೇಢೆ ತಂದ. ಚಹಾ ಬಂತು. ಗುಣಪಾಲರ ಫೋನೂ ಬಂತು.

"ಆಯ್ತಾ? ಗುಂಡಿ ಒತ್ತಿದ್ಯಾ?"

"ಇಲ್ಲ ಸರ್. ತಾರೀಖು ಸರಿಮಾಡಿ ಹಾಕಿದೆ. ಪೂರ್ತಿ ಆಯ್ತು."

"ಹೌದಾ! ಭೇಷ್! ಹಾಗಾದ್ರೆ ಸಹಿ?"

"ಈಗ ತಗೋತೀನಿ."

"ತಗೊಂಡೇ ಹೊರಡು ಮಾರಾಯ್ತಿ. ಕಾಗದ ಇಲ್ಲದೆ ನನ್ನ ಕೈಯಲ್ಲಿ ಎಂಥದೂ ಆಗುದಿಲ್ಲ. ವಾಶಿಯವರು ನಾಳೆ ಬೆಳಿಗ್ಗೆ ಹೆಸರು ಕೇಳಿದ್ದಾರೆ."

ಕೆಲಸ ಮುಗಿದದ್ದಕ್ಕೆ ಒಪ್ಪಿಗೆ ಕೊಡುವ ಹಾಳೆಯನ್ನು ಅವಳು ಮೇಜಿನ ಮೇಲೆ ಹರಡಿದಳು. ರಾಯಪ್ಪ ಕನ್ನಡಕ ಏರಿಸಿ, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಪೆನ್ನಿನ ಟೋಪಿ ತೆಗೆದರು. ನಿಬ್ಬು ಕಾಗದದ ಹತ್ತಿರ ಬಂದು ನಿಂತಿತು.

"ತಂಗಿ, ಇಲ್ಲಿ 'ಘಟಕ ಹಾಕಿದ ದಿನಾಂಕ' ಅನ್ನೂ ಜಾಗ ಖಾಲಿ ಬಿಟ್ಟೀ."

"ಈಗ ಬರೀತೀನ್ರಿ ಕಾಕಾ. ಹದಿನಾಕು..."

"ತಡಿ ತಡಿ." ರಾಯಪ್ಪ ಅವಳ ಕಡೆ ಬಾಗಿದರು. ಆ ಕೆಂಪು ಬಾಯಿಯಲ್ಲಿ ಈಗ ಹಠವಿರಲಿಲ್ಲ, ಮೊಮ್ಮಗಳ ಹತ್ತಿರ ಮಿಠಾಯಿ ಬೇಡುವ ಅಜ್ಜನ ಲಲ್ಲೆಯಿತ್ತು. "ಮಷೀನಿನಾಗ ನಿನ್ನ ಮಾತ ನಡೀತು. ನಾ ಒಪ್ಪಿದೆ. ಕಾಗದದಾಗರ ನನ್ನ ಮಾತ ನಡೀಲಿ. ಏಪ್ರಿಲ್ ಇಪ್ಪತ್ತೇಳು ಅಂತ ಬರಿ. ಒಂದ ಸಾಲು. ಯಾರ ನೋಡ್ತಾರ ಇದನ್ನ? ಕಪಾಟಿನಾಗ ಹೋಗಿ ಬೀಳ್ತೈತಿ. ನಂಗ ರಾತ್ರಿ ನಿದ್ದಿ ಬರ್ತೈತಿ. ನೀ ಬರಿ, ನಾ ಸಹಿ ಮಾಡ್ತೀನಿ. ನೀ ಬರೀದಿದ್ರ ಈ ಪೆನ್ನ ಶ್ರಾವಣದಾಗ ತಗೀತೀನಿ."

ಹೇಳಿ ಅವರು ಪೆನ್ನಿಗೆ ಟೋಪಿ ಹಾಕಿದರು. ನಗುತ್ತಲೇ ಹಾಕಿದರು, ಆದರೆ ಬಿಗಿಯಾಗಿ ಹಾಕಿದರು. ಸೈದಪ್ಪ ಪೇಢೆಯ ತಟ್ಟೆ ಹಿಡಿದುಕೊಂಡು ಒಮ್ಮೆ ಇವರ ಮುಖ, ಒಮ್ಮೆ ಅವಳ ಮುಖ ನೋಡಿದ. ಕಾಂಚನಾ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ಖಾಲಿ ಜಾಗದಲ್ಲಿ ಜುಲೈ ಹದಿನಾಲ್ಕು ಎಂದು ದುಂಡಗೆ ಬರೆದು, ಮತ್ತೆ ಅವರ ಮುಂದೆ ತಳ್ಳಿದಳು.

"ಇಲ್ರೀ ಕಾಕಾ," ಎಂದಳು. "ಏಪ್ರಿಲ್ ಅಂತ ನಾ ಬರ್ಯಾಂಗಿಲ್ಲ."